ನನ್ನ ಪಾಳಿ ಬಂದಾಗ ಹಂದಿ ಎದುರಿಗೇ ನಿಂತಿತ್ತು

ಭಾನುವಾರ ಊಟವಾಗಿ, ಪಾತ್ರೆ ತೊಳೆದು ಬೋರಲು ಹಾಕಿದ ಮೇಲೆ ನಾನು ವಿಡಿಯೋ ಗೇಮ್ ಆಡಲು ಕೂಡುತ್ತೇನೆ. ಇಷ್ಟಪಟ್ಟು ಅಲ್ಲ. ಆಟ ಮಾಡುತ್ತಿರುವವಳು ನನ್ನ ನಾದಿನಿ, ಅದನ್ನು ಆಡಿ ನೋಡುವವಳು ನಾನು. ಹಿಂದೆ ಕಂಪನಿ ಇಲ್ಲ, ಕೈಹಿಡಿದು ನಡೆಸುವವರಿಲ್ಲ. ವಾರವೆಲ್ಲ ಅವಳು ಸಿಂಧನೂರಿನಿಂದ ಮಸ್ಕಿಗೆ ಬಸ್ಸಿನಲ್ಲಿ ಹೋಗಿ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಸಂಜೆ ಬಂದು, ಮುಖ ತೊಳೆದು, ಲ್ಯಾಪ್‌ಟಾಪ್ ತೆರೆಯುತ್ತಾಳೆ. ಚಿತ್ರ ಬರೆಯುವವಳು ಅವಳ ಗೆಳತಿ. ಲಿಂಗಸುಗೂರಿನಲ್ಲಿ ಅಂಗಡಿ ಬೋರ್ಡು, ಮದುವೆ ಬ್ಯಾನರುಗಳ ಡಿಸೈನ್ ಅವಳ ಕೆಲಸ. ಭಾನುವಾರ ನಮ್ಮ ಮನೆಗೆ ಬರುತ್ತಾಳೆ.

ಆಡಿ ನೋಡಲು ನಾನೇ ಏಕೆ ಎಂದು ಮೊದಲೇ ಕೇಳಿದ್ದೆ.

"ನಿಮಗ ಗೇಮ್ ಅಂದ್ರ ಗೊತ್ತಿಲ್ಲಲ್ರಿ ವೈನಿ, ಅದಕ್ಕ. ನಿಮಗ ತಿಳೀತಂದ್ರ ಯಾರಿಗಾದ್ರೂ ತಿಳೀತೈತಿ."

ನಾನು ಬೇಜಾರು ಮಾಡಿಕೊಳ್ಳಲಿಲ್ಲ. ನಿಜವನ್ನೇ ಹೇಳಿದ್ದಳು.

ಅದು ಒಂದು ಆಟ ಅಲ್ಲ, ಒಂದರೊಳಗೆ ನಾಲ್ಕು. ಒಬ್ಬ ಹೆಣ್ಣುಮಗಳು ಭತ್ತ ನಾಟಿ ಮಾಡುತ್ತಾಳೆ. ಅದು ಒಕ್ಕಲುತನದ ಆಟ. ಆಮೇಲೆ ಮೋಟಾರ್ ಸೈಕಲ್ ಹತ್ತಿ ಓಡಿಸುತ್ತಾಳೆ, ಅದು ರೇಸು. ಅಲ್ಲಿಂದ ಒಂದು ಕೋಟೆಯೊಳಗೆ ಹೋಗಿ ದಾರಿ ಹುಡುಕಬೇಕು, ಅದು ಒಗಟು. ಕೊನೆಗೆ ಗದ್ದೆಗೆ ನುಗ್ಗಿದ ಹಂದಿಗಳ ಜೊತೆ ಕಾದಾಟ. ಒಂದು ಏಟು ನಾವು, ಒಂದು ಏಟು ಅವು. ಬೇರೆ ಬೇರೆಯಾಗಿ ನೋಡಿದರೆ ನಾಲ್ಕೂ ಚೆನ್ನಾಗಿದ್ದವು. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಮಾತ್ರ, ಗಂಟುಮೂಟೆ ಸಮೇತ ಒಂದು ಬಸ್ ಇಳಿದು ಇನ್ನೊಂದು ಬಸ್ಸಿಗೆ ಓಡಿದ ಹಾಗೆ ಆಗುತ್ತಿತ್ತು. ಅದನ್ನು ಕೂಡಿಸಲು ಅವಳು ಪ್ರತಿ ಸಲ ಏನಾದರೂ ಬದಲಿಸುತ್ತಿದ್ದಳು. ನಾನು ಪ್ರತಿ ಸಲ ಮೊದಲಿನಿಂದ ಭತ್ತ ನಾಟುತ್ತಿದ್ದೆ.

ನಮ್ಮ ಮನೆಯವರು ಉಣ್ಣುತ್ತಾ ತಂಗಿಯನ್ನು ಚುಚ್ಚುತ್ತಿದ್ದರು: "ಒಂದ ತಾಟಿನ್ಯಾಗ ಒಗ್ಗರಣಿ, ಮಿರ್ಚಿ, ಶಿರಾ, ಸಾರು ಎಲ್ಲಾ ಕಲಸಿದಂಗ ಆಗೈತಿ ನಿನ್ನ ಆಟ."

"ನೀ ದಿನಾ ಹಂಗ ಕಲಸ್ಕೊಂಡ ತಿಂತೀಯಲ್ಲಣ್ಣ," ಎಂದಳು ಅವಳು.

ನಾನು ಹೇಳಹೊರಟ ಭಾನುವಾರ ಗೆಳತಿ ಬಂದವಳೇ ಬ್ಯಾಗು ಕೆಳಗಿಟ್ಟಳು. ಕೊಟ್ಟ ನೀರು ಕುಡಿಯಲಿಲ್ಲ. ಮಣಿಕಟ್ಟಿಗೆ ಪಟ್ಟಿ ಸುತ್ತಿದ್ದಳು.

"ಅಕ್ಕಾ, ಇವತ್ತ ಕಡೀ. ಇವತ್ತೂ ಕೂಡ್ಲಿಲ್ಲಂದ್ರ ನಾ ಬಿಡ್ತೀನ್ರಿ. ಆ ಹೆಣ್ಮಗಳ್ನ ಮ್ಯಾಲಿಂದ ಬರದೆ, ಹಿಂದಿಂದ ಬರದೆ, ಗಾಡಿ ಮ್ಯಾಲೆ ಬರದೆ. ನನ್ ಗಂಡನ ಮಖಾನೂ ಇಷ್ಟ ನೋಡಿಲ್ಲ."

ನಾದಿನಿ ನಗಲು ನೋಡಿದಳು, ಆಗಲಿಲ್ಲ. ಅವಳಿಗೆ ಒಂದು ಗೆರೆ ನೆಟ್ಟಗೆ ಎಳೆಯಲು ಬರುವುದಿಲ್ಲ. ಗೆಳತಿ ಬಿಟ್ಟುಹೋದರೆ ಆಟ ಅಲ್ಲಿಗೇ ಮುಗಿಯಿತು. ಅದು ಮೂವರಿಗೂ ಗೊತ್ತಿತ್ತು.

ನಾದಿನಿ ಲ್ಯಾಪ್‌ಟಾಪನ್ನು ನನ್ನ ಮುಂದೆ ತಳ್ಳಿದಳು. ಆ ವಾರ ಅವಳು ಮಾಡಿದ್ದ ಹೊಸ ಕೆಲಸವೆಂದರೆ, ಅಲ್ಲಿಯವರೆಗೆ ಇಂಗ್ಲಿಷಿನಲ್ಲಿದ್ದ ಬರಹವನ್ನೆಲ್ಲ ಕನ್ನಡಕ್ಕೆ ತಂದದ್ದು. ನಾನು ನಾಟಿ ಮಾಡಿದೆ. ಗಾಡಿ ಓಡಿಸಿದೆ. ಕೋಟೆಯಲ್ಲಿ ಎಂದಿನಂತೆ ದಾರಿ ತಪ್ಪಿ, ಹೇಗೋ ಹೊರಬಿದ್ದೆ. ಹಂದಿ ಎದುರಿಗೆ ಬಂತು. ಪರದೆಯ ಮೇಲೆ ದೊಡ್ಡ ಅಕ್ಷರ ಮೂಡಿತು: ನಿನ್ನ ಪಾಳಿ.

ನನ್ನ ತವರು ಮುಕ್ಕುಂದದ ಕಡೆ. ಗದ್ದೆ ಇದ್ದದ್ದು ಕಾಲುವೆಯ ಕೊನೆಗೆ. ನಮ್ಮಲ್ಲಿ ಪಾಳಿ ಎಂದರೆ ನೀರಿನ ಪಾಳಿ, ಬೇರೆ ಅರ್ಥವೇ ಇಲ್ಲ. ಪಾಳಿ ಬಂತು ಎಂದು ಯಾರಾದರೂ ಕೂಗಿದರೆ ತವೆಯ ಮೇಲಿನ ರೊಟ್ಟಿ ಅಲ್ಲೇ ಬಿಟ್ಟು ಸಲಿಕೆ ಹಿಡಿದು ಓಡುತ್ತಿದ್ದೆವು. ನಾನು ಯೋಚನೆಯನ್ನೂ ಮಾಡಲಿಲ್ಲ. ಬೆರಳುಗಳು ಆ ಹೆಣ್ಣುಮಗಳನ್ನು ತಿರುಗಿಸಿ, ಆಟದ ಗದ್ದೆಯ ಅಂಚಿಗೆ ಬರೆದಿದ್ದ ಕಾಲುವೆಯ ಕಡೆ ನಡೆಸಿದವು. ಕಾದಾಟದ ಹೊತ್ತಿನಲ್ಲಿ ಹಾಗೆ ನಡೆದು ಹೋಗಲು ಬರಬಾರದಿತ್ತಂತೆ. ಆಗ ಅವಳನ್ನು ನಿಂತಲ್ಲೇ ಕಟ್ಟಿಹಾಕುವುದನ್ನು ನಾದಿನಿ ಮರೆತಿದ್ದಳು.

"ವೈನಿ, ಎಲ್ಲಿಗ್ ಹೊಂಟ್ರಿ?"

"ತೂಬು ತೆಗಿಯಾಕ."

"ಮುಂದ ಹಂದಿ ನಿಂತೈತಲ್ರಿ!"

"ನಿಂದರ್ಲಿ. ಪಾಳಿ ಅಂತ ನೀನ ಬರದಿ. ಹಂದಿ ನಾಳೀನೂ ಬರ್ತೈತಿ, ನೀರ ಬರ್ತೈತೇನು?"

ನಾನು ಏಟು ಹಾಕದ ಕಾರಣ ಹಂದಿ ತನ್ನ ಸರದಿಗೆ ಕಾಯುತ್ತಾ, ಮದುವೆ ಮನೆಯಲ್ಲಿ ಯಾರೂ ಮಾತಾಡಿಸದ ಬೀಗನ ಹಾಗೆ ನಿಂತೇ ಇತ್ತು. ಗೆಳತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾದಿನಿಗೆ ಸಿಟ್ಟು ಬಂತು.

"ಪಾಳಿ ಅಂದ್ರ ಹೊಡಿಯೋ ಪಾಳಿರಿ!"

"ಪಾಳ್ಯಾಗ ಹೊಡದಾಟಾನೂ ಆಗ್ತಾವು," ಎಂದೆ. "ಮ್ಯಾಲಿನ ಹೊಲದಾಂವ ತನ್ನ ತೂಬು ಮುಚ್ಚಲಿಲ್ಲಂದ್ರ."

ತಪ್ಪಾಯಿತೆಂಬ ನಾಚಿಕೆಗೆ ಅಂದ ಮಾತು ಅದು. ನಾದಿನಿ ಲ್ಯಾಪ್‌ಟಾಪ್ ತನ್ನ ಕಡೆ ಎಳೆದುಕೊಂಡಳು. ತನಗೆ ತಾನೇ ಹೇಳಿಕೊಳ್ಳುವವಳಂತೆ ಮೆಲ್ಲಗೆ ಮಾತಾಡತೊಡಗಿದಳು. ಹಂದಿ ಬೇಡ. ಕಾದಾಟ ಮೇಲಿನ ಹೊಲದವನ ಜೊತೆ, ಅದೂ ಮಾತಿನಲ್ಲಿ. ಅವನದೊಂದು ಮಾತು, ನಮ್ಮದೊಂದು. ಗೆದ್ದರೆ ನೀರು, ನೀರು ಬಂದರೆ ನಾಟಿ. ಗಾಡಿ ಓಡಿಸುವುದು ಪಾಳಿ ಮುಗಿಯುವುದರೊಳಗೆ ಹೊಲ ಮುಟ್ಟಲಿಕ್ಕೆ. ಇಷ್ಟು ಹೇಳಿ ತಟ್ಟನೆ ನಿಲ್ಲಿಸಿದಳು.

ಕೋಟೆಯೊಂದು ಮಾತ್ರ ಎಲ್ಲಿಗೂ ಸೇರದೆ ಉಳಿಯಿತು.

ಅದು ಗೆಳತಿಯ ಕೋಟೆ. ಲಿಂಗಸುಗೂರಿನಿಂದ ಮುದಗಲ್ಲಿಗೆ ಹೋಗಿ, ಗೋಡೆಯ ನೆರಳಿನಲ್ಲಿ ಕುಳಿತು ಒಂದೊಂದೇ ಕಲ್ಲು ನೋಡಿ ಬರೆದದ್ದು. ನೋಡಿದವರೆಲ್ಲ ಇಡೀ ಆಟದಲ್ಲಿ ಹೊಗಳಿದ್ದು ಅದೊಂದನ್ನೇ. ನನಗೆ ಅಲ್ಲಿ ಕುಳಿತಿರಲಾಗಲಿಲ್ಲ. ಚಹಾ ಮಾಡುವ ನೆಪದಲ್ಲಿ ಒಳಗೆ ಹೋದೆ. ಶುಂಠಿ ಜಜ್ಜಿದೆ, ಹಾಲು ಉಕ್ಕದಂತೆ ನಿಂತು ಕಾದೆ. ಕಪ್ಪು ಹಿಡಿದು ಬಂದಾಗ ಇಬ್ಬರೂ ಪರದೆಯಲ್ಲಿನ ಕೋಟೆಯನ್ನೇ ನೋಡುತ್ತಿದ್ದರು.

"ಹೇಳ್ ಲೇ," ಎಂದಳು ಗೆಳತಿ. "ನಿನ್ನ ಬಾಯಿಂದ ಹೇಳು."

"ಕೋಟಿ ಕೂಡಂಗಿಲ್ಲ," ಎಂದಳು ನಾದಿನಿ. ಆಮೇಲೆ ಅವಸರವಾಗಿ, "ತೂಬಿನ ಕೀಲಿ ಕೋಟ್ಯಾಗ ಅಡಗಿಸಿದ್ರ ಹೆಂಗ?" ಎಂದಳು.

"ತೂಬಿನ ಕೀಲಿ ಯಾಂವ ಲೇ ಕೋಟ್ಯಾಗ ಇಡ್ತಾನ? ನನ್ನ ಸಲುವಾಗಿ ತುರುಕಬ್ಯಾಡ. ತುರುಕಿ ತುರುಕೀನ ಇಷ್ಟ ದಿನಾ ಹ್ವಾದ್ವು."

ಗೆಳತಿ ಚಹಾ ಕುಡಿದು ಬ್ಯಾಗು ಎತ್ತಿಕೊಂಡಳು. ಬಿಡುತ್ತೇನೆ ಎನ್ನಲಿಲ್ಲ, ಬರುತ್ತೇನೆ ಎನ್ನಲಿಲ್ಲ. ನಾದಿನಿ ಕುರ್ಚಿಯಿಂದ ಏಳಲಿಲ್ಲ. ನಾನೇ ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಹೋದೆ. ಭತ್ತದ ಲಾರಿಗಳ ಧೂಳಿಗೆ ಇಬ್ಬರೂ ಸೆರಗು ಮೂಗಿಗೆ ಹಿಡಿದಿದ್ದೆವು. ಮಾತಾಡದಿರಲು ಅದು ಅನುಕೂಲವೇ ಆಯಿತು. ಮುಂದಿನ ಭಾನುವಾರ ಬರುತ್ತೀಯಾ ಎಂದು ಕೇಳಬೇಕೆಂದಿದ್ದೆ. ಧೈರ್ಯ ಸಾಲಲಿಲ್ಲ.

ಲಿಂಗಸುಗೂರು ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟವಳು ತಿರುಗಿದಳು.

"ಅಕ್ಕಾ, ಆ ಮ್ಯಾಲಿನ ಹೊಲದಾಂವ ಹೆಂಗಿರ್ತಾನ್ರಿ? ಮೀಸಿ ದೊಡ್ಡದ ಬರೀಲೇನು?"

ನಮ್ಮ ಮೇಲಿನ ಹೊಲದವನನ್ನು ನೆನೆಸಿಕೊಂಡೆ. ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕುಳಿತು, ತಲೆಗೆ ಟವೆಲು ಸುತ್ತಿ, ನಮ್ಮಪ್ಪನಷ್ಟೇ ದಣಿದಿರುತ್ತಿದ್ದ.

"ಬ್ಯಾಡವಾ. ಕೆಟ್ಟಾಂವ ಅನ್ನೋಹಂಗ ಬರೀಬ್ಯಾಡ," ಎಂದೆ. "ಆತಗೂ ನೀರ ಸಾಲ್ತಿದ್ದಿಲ್ಲ."

ತಲೆಯಾಡಿಸಿ ಒಳಗೆ ಹೋದಳು. ಕಿಟಕಿಯ ಸೀಟು ಸಿಕ್ಕಿತು. ಬಸ್ಸು ಹೊರಡುವ ಮೊದಲೇ ಫೋನು ತೆಗೆದು ಬೆರಳಿನಿಂದ ಏನೋ ಗೀಚತೊಡಗಿದ್ದಳು.

ಮನೆಗೆ ಬಂದು ಅಷ್ಟನ್ನೇ ಹೇಳಿದೆ: ಮೀಸೆಯ ಬಗ್ಗೆ ಕೇಳಿದಳು ಎಂದು. ನಾದಿನಿ ಬಹಳ ಹೊತ್ತು ಮುಖ ಉಜ್ಜಿಕೊಂಡಳು. ಆಮೇಲೆ, "ಎಲ್ಲಾ ತಗದ ಮತ್ತ ಕಟ್ಟಬೇಕ್ರಿ ವೈನಿ. ನೀವೂ ಮತ್ತ ಮೊದಲಿಂದ ಆಡ್ಬೇಕು," ಎಂದಳು.

"ಆಡೋಣಂತ," ಎಂದು ಕಪ್ಪುಗಳನ್ನು ಎತ್ತಿಕೊಂಡು ಒಳಗೆ ನಡೆದೆ.