ಎಡ ಭುಜಕ್ಕೊಂದು ಏರ್ ರೈಫಲ್

ಅಂಗಡಿ ಮುಚ್ಚಿರಲಿ ದೇವರೇ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ. ರಾಂಚೊ ಬರ್ನಾರ್ಡೊದ ನಮ್ಮ ಮನೆಯಿಂದ ಸೆರಿಟೋಸ್‌ಗೆ ಎರಡು ಗಂಟೆಯ ಡ್ರೈವ್, ಬೇಡಿಕೊಳ್ಳಲು ಸಮಯ ಧಾರಾಳವಾಗಿತ್ತು. ಜೂನ್ ತಿಂಗಳ ಆ ಶನಿವಾರ ನಾವು ಹೊರಟದ್ದು ಹದಿಮೂರು ವರ್ಷದ ಮಗಳಿಗೆ ಏರ್ ರೈಫಲ್ ಕೊಳ್ಳಲು. ಇರುವೆ ಸಾಲು ಕಂಡರೆ ಗುಡಿಸುವುದನ್ನು ನಿಲ್ಲಿಸುವವಳು ನಾನು. ನನಗೂ ಬಂದೂಕಿನ ಅಂಗಡಿಗೂ ಏನು ಸಂಬಂಧ? ದೇವರು ಮಾತ್ರ ನನ್ನ ಮಾತು ಕೇಳಲಿಲ್ಲ. ಅಂಗಡಿ ತೆರೆದಿತ್ತು. ಅದೂ ಒಂದು ಉಪಕಾರವೆಂದು ತಿಳಿಯಲು ಸಂಜೆಯಾಗಬೇಕಾಯಿತು.

ಸಂಜೆ ದೀಪ ಹಚ್ಚಿದ ಮೇಲೆ ಆ ದಿನ ಸಿಕ್ಕ ಉಪಕಾರಗಳನ್ನು ಬೆರಳ ಗೆಣ್ಣಿನಲ್ಲಿ ಎಣಿಸುವುದು ನನ್ನ ರೂಢಿ. ಹಾಲು ಉಕ್ಕಲಿಲ್ಲ, ಕುಂಡದ ಕರಿಬೇವು ಚಿಗುರಿತು, ಇವರು ಫ್ರೀವೇಯಲ್ಲಿ ಸಿಕ್ಕಿಕೊಳ್ಳದೆ ಮನೆಗೆ ಬಂದರು. ಇಂಥವೇ. ಎರಡು ಸಾವಿರದ ಇಪ್ಪತ್ತರಲ್ಲಿ ಶಾಲೆ ಮುಚ್ಚಿ, ಮಗಳು ಲ್ಯಾಪ್‌ಟಾಪ್ ಮುಂದೆ ಕೂತು ಕೂತು ಮಾತನ್ನೇ ಬಿಟ್ಟಿದ್ದ ದಿನಗಳಲ್ಲಿ ಗೆಣ್ಣುಗಳು ಮಿಕ್ಕುತ್ತಿದ್ದವು. ಶಾಲೆ ತೆರೆದ ಮೇಲೂ ಅವಳದ್ದು ಅದೇ ಮೌನ. ಏನು ಬೇಕು ಮರಿ ಎಂದರೆ "ನಥಿಂಗ್" ಅನ್ನುವಳು.

ಹಾಗಿದ್ದವಳನ್ನು ಗೆಳತಿಯೊಬ್ಬಳು ಶೂಟಿಂಗ್ ಕ್ಲಬ್ಬಿಗೆ ಕರೆದುಕೊಂಡು ಹೋದಳು. ದೊಡ್ಡ ಸಭಾಂಗಣ, ಹತ್ತು ಮೀಟರ್ ದೂರದಲ್ಲಿ ಕಾಗದದ ಗುರಿ, ಗಾಳಿಯ ಒತ್ತಡದಿಂದ ಹಾರುವ ಸಣ್ಣ ಸೀಸದ ಪೆಲೆಟ್ಟು. ಮೊದಲ ದಿನ ಮನೆಗೆ ಬಂದವಳು ಕಾರು ಇಳಿದಾಗಿನಿಂದ ಅಡುಗೆಮನೆ ತಲುಪುವ ತನಕ ಮಾತು ನಿಲ್ಲಿಸಲಿಲ್ಲ. ನಾನು ಒಗ್ಗರಣೆ ಸೀಯುವವರೆಗೂ ಕೇಳುತ್ತ ನಿಂತಿದ್ದೆ. ಸೀದದ್ದಕ್ಕೆ ಬೇಸರವಾಗಲಿಲ್ಲ.

ಕ್ಲಬ್ಬಿನ ಮಕ್ಕಳ ತಂಡಕ್ಕೆ ಅಕ್ಟೋಬರ್‌ನಲ್ಲಿ ಆಯ್ಕೆ. ಐದೇ ಜನಕ್ಕೆ ಜಾಗ. ಮಗಳು ಅಲುಗದೆ ನಿಲ್ಲುತ್ತಾಳೆ, ಆದರೆ ಪೆಲೆಟ್ಟುಗಳೆಲ್ಲ ಒಂದೇ ಪಕ್ಕಕ್ಕೆ ಹೋಗುತ್ತವೆ, ಕ್ಲಬ್ಬಿನ ರೈಫಲ್ ಅವಳಿಗೆ ಹೊಂದುತ್ತಿಲ್ಲವೋ ಏನೋ, ಸ್ವಂತದ್ದು ನೋಡಿ ಎಂದು ಕಲಿಸುವಾಕೆ ಹೇಳಿದರು. ಅವತ್ತು ಊಟಕ್ಕೆ ಕೂತಾಗ ಮಗಳು ತಟ್ಟೆ ನೋಡುತ್ತಲೇ, "ಅಮ್ಮಾ, ಐ ರಿಯಲಿ ವಾಂಟ್ ದಿಸ್," ಅಂದಳು. ಎರಡು ವರ್ಷದ ಮೇಲೆ ಅವಳ ಬಾಯಲ್ಲಿ ಬೇಕು ಅನ್ನುವ ಮಾತು. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ.

ನನ್ನ ಯಜಮಾನರು ಸಾಫ್ಟ್‌ವೇರಿನವರು. ಅಕ್ಕಿ ತರುವುದಕ್ಕೂ ಎಕ್ಸೆಲ್ ಶೀಟ್ ಮಾಡುವವರು, ರೈಫಲ್ಲಿಗೆ ಬಿಡುತ್ತಾರೆಯೇ? ಹನ್ನೊಂದು ಮಾಡೆಲ್ ಬರೆದು, ಒಂದಕ್ಕೆ ಹಸಿರು ಬಣ್ಣ ತುಂಬಿದ್ದರು. ಕಾರಿನಲ್ಲಿ ಅದರ ಗುಣಗಾನ.

"ಇದು ಪಾಯಿಂಟ್ ಟೂ ಟೂ ಕಣೇ. ದಪ್ಪ ಪೆಲೆಟ್ಟು. ಟಾರ್ಗೆಟ್ಟಿಗೂ ಆಯ್ತು, ಹಂಟಿಂಗಿಗೂ ಆಯ್ತು."

"ಹಂಟಿಂಗಾ? ಯಾರನ್ನ?"

"ನಿನ್ನ ಅವರೆ ಗಿಡ ಬುಡಸಮೇತ ತಿಂತಾವಲ್ಲ, ಆ ಅಳಿಲುಗಳನ್ನ."

ನಮ್ಮ ಹಿತ್ತಲಲ್ಲಿ ನೆಲ ತೋಡುವ ಅಳಿಲುಗಳಿವೆ. ಅವರೆ, ಬದನೆ ಯಾವುದನ್ನೂ ಬಿಡುವುದಿಲ್ಲ. ನನಗೂ ಸಿಟ್ಟು ಬರುತ್ತದೆ. ಆದರೂ ಹೇಳಿದೆ, "ರೀ, ಅಳಿಲಿಗೆ ಗುರಿ ಇಟ್ಟರೆ ಅವತ್ತಿಂದ ನಿಮ್ಮ ಸಾರು ನೀವೇ ಮಾಡ್ಕೊಳ್ಳಿ."

"ಕೊಲ್ತೀನಿ ಅಂದ್ನಾ? ಹೆದರಿಸೋಕೆ."

"ಹೆದರಿಸೋಕೆ ರೈಫಲ್ ಯಾಕೆ, ಬೆಳಿಗ್ಗೆ ಎದ್ದ ಮುಖದಲ್ಲಿ ನೀವೇ ಹೋಗಿ ನಿಂತ್ಕೊಳ್ಳಿ. ಸಾಕು."

ಹಿಂದಿನ ಸೀಟಿನಲ್ಲಿ ಮಗಳು ಕಿಸಕ್ಕೆಂದಳು. ಅದನ್ನು ಅಲ್ಲೇ ಒಂದು ಗೆಣ್ಣಿಗೆ ಸೇರಿಸಿಕೊಂಡೆ.

ಅಂಗಡಿಯಲ್ಲಿದ್ದವರು ಬೆಳ್ಳಿ ಮೀಸೆಯ ಹಿರಿಯರು, ಮೆಲುದನಿಯವರು. ಅವರು ಇಂಗ್ಲಿಷಿನಲ್ಲಿ ಆಡಿದ್ದನ್ನು ನನ್ನ ಕನ್ನಡದಲ್ಲೇ ಬರೆಯುತ್ತೇನೆ. ಇವರು ಫೋನಿನಲ್ಲಿ ಎಕ್ಸೆಲ್ ಶೀಟ್ ತೋರಿಸಿದರು. ಅವರು ಅದನ್ನು ಗೌರವದಿಂದ ಪೂರ್ತಿ ಓದಿ, ಹಸಿರು ಬಣ್ಣದ ರೈಫಲ್ಲನ್ನೇ ತಂದು ಮಗಳ ಕೈಗಿಟ್ಟರು. ಅದಕ್ಕೆ ಪ್ರತಿ ಸಲವೂ ನಳಿಗೆಯನ್ನು ಮಡಚಿ ಸ್ಪ್ರಿಂಗ್ ಎಳೆಯಬೇಕು. ಮಗಳು ತುದಿಗಾಲಲ್ಲಿ ನಿಂತು, ತುಟಿ ಕಚ್ಚಿ ಎಳೆದರೂ ಅರ್ಧಕ್ಕೇ ನಿಂತಿತು.

"ಮೊದಲು ಕೆಲಸ ಯಾವುದು ಅಂತ ತೀರ್ಮಾನ ಮಾಡಿ, ಆಮೇಲೆ ರೈಫಲ್," ಅಂದರು ಅವರು. "ಬೇಟೆಗಾದರೆ ಪ್ರಾಣಿ ನರಳದೆ ಒಂದೇ ಏಟಿಗೆ ಹೋಗಬೇಕು. ಅದಕ್ಕೆ ದಪ್ಪ ಪೆಲೆಟ್ಟು, ಜೋರು ಹೊಡೆತ, ದುರ್ಬೀನು. ಕಾಗದಕ್ಕೆ ಅಷ್ಟು ಜೋರು ಯಾಕೆ? ಸಣ್ಣ ಪೆಲೆಟ್ಟು ಸಾಕು. ರೈಫಲ್ ಒದೆಯಬಾರದು, ಒಂದು ಗಂಟೆ ಹಿಡಿದರೂ ಭುಜ ಸೋಲಬಾರದು."

"ಕಾಗದ," ಎಂದೆ ನಾನು, ಇವರು ಬಾಯಿ ತೆರೆಯುವ ಮೊದಲೇ. ಅಳಿಲುಗಳು ಬದುಕಿಕೊಂಡವು.

ಕುಕ್ಕರ್ ಕೊಳ್ಳುವಾಗ ಹಿಡಿ ಹಿಡಿದು ನೋಡದೆ ನಾನು ಯಾವತ್ತೂ ಕೊಂಡವಳಲ್ಲ, ಹಾಗಾಗಿ ಅವರ ಮಾತು ನನಗೆ ಚೆನ್ನಾಗಿಯೇ ತಿಳಿಯಿತು. ತಿಳಿಯದೇ ಹೋದದ್ದು ಮುಂದಿನ ಪ್ರಶ್ನೆ. "ಮಗು ಯಾವ ಕಣ್ಣಿನವಳು?"

ಎರಡು ಕಣ್ಣಿನವಳು ಅನ್ನಬೇಕೆಂದಿದ್ದೆ. ಅಷ್ಟರಲ್ಲಿ ಅವರು ಮಗಳಿಗೆ ಎರಡೂ ಕೈ ಮುಂದೆ ಚಾಚಿಸಿ, ಅಂಗೈಗಳ ನಡುವೆ ಒಂದು ಸಣ್ಣ ಕಿಂಡಿ ಮಾಡಿಸಿದರು. "ಎರಡೂ ಕಣ್ಣು ತೆರೆದು ಇದರಲ್ಲಿ ನನ್ನ ಮೂಗು ನೋಡು." ಅವಳು ನೋಡಿದಳು. "ನನಗೆ ಕಾಣುತ್ತಿರುವುದು ನಿನ್ನ ಎಡಗಣ್ಣು," ಅಂದವರೇ ಹಗುರವಾದ ಮರದ ಹಿಡಿಯ ರೈಫಲ್ ಒಂದನ್ನು ಅವಳತ್ತ ನೀಡಿದರು. ಅವಳು ತೆಗೆದುಕೊಂಡು ಎಡ ಭುಜಕ್ಕೆ ಇಟ್ಟಳು. ಇಟ್ಟವಳು ನನ್ನ ಮುಖ ನೋಡಿದಳು. ನೋಡಿ, ಸುಮ್ಮನೆ ಬಲಕ್ಕೆ ಬದಲಿಸಿಕೊಂಡಳು.

ಅವರು ಅದನ್ನು ಕಂಡರು. "ಗುರಿ ಹಿಡಿಯುವುದು ಎಡಗಣ್ಣಾದರೆ ರೈಫಲ್ಲೂ ಎಡಕ್ಕೇ ಇರಬೇಕು. ಬಲಕ್ಕೆ ಹಿಡಿಯಲು ಯಾರು ಕಲಿಸಿದ್ದು?"

"ಇಟ್ ವಾಸ್ ಆನ್ ದ ಫಾರ್ಮ್," ಎಂದಳು ಮಗಳು, ತಲೆ ತಗ್ಗಿಸಿ.

ಕ್ಲಬ್ಬಿನ ಫಾರ್ಮ್ ತುಂಬಿದವಳು ನಾನು. ಯಾವ ಕೈ ಎಂದು ಕೇಳಿದಲ್ಲಿ ಬಲ ಎಂದು ಗುರುತು ಹಾಕಿದ್ದೆ. ಸುಳ್ಳೇನಲ್ಲ, ಅವಳು ಬರೆಯುವುದು ಬಲಗೈಯಲ್ಲೇ, ಉಣ್ಣುವುದೂ ಬಲಗೈಯಲ್ಲೇ. ಆದರೆ ಹಾಗೆ ಮಾಡಿದ್ದು ಯಾರು? ಒಂದೂವರೆ ವರ್ಷದ ಕೂಸು ಎಡಗೈಯಲ್ಲಿ ಚಮಚ ಹಿಡಿದಾಗಲೆಲ್ಲ ತೆಗೆದು ಬಲಗೈಗೆ ಇಟ್ಟವಳು ನಾನು. ಮಂಗಳಾರತಿಗೆ ಬಲಗೈ, ತೀರ್ಥಕ್ಕೆ ಬಲಗೈ, ದೊಡ್ಡವರು ಏನು ಕೊಟ್ಟರೂ ಬಲಗೈ ಮರಿ, ಬಲಗೈ. ಅವಳೂ ಕಲಿತಳು. ಎಷ್ಟು ಚೆನ್ನಾಗಿ ಕಲಿತಳೆಂದರೆ ನಾನೇ ಮರೆತುಬಿಟ್ಟಿದ್ದೆ.

"ಎಡಕ್ಕೇ ಇಟ್ಕೋ ಮರಿ," ಎಂದೆ.

"ಆರ್ ಯು ಶೂರ್?"

"ಹೂಂ, ಅಂದೆನಲ್ಲ, ಇಟ್ಕೋ."

ಅಂಗಡಿಯ ಹಿಂಭಾಗದಲ್ಲಿ ಹತ್ತು ಮೀಟರಿನ ಪುಟ್ಟ ಜಾಗವಿತ್ತು. ಈ ರೈಫಲ್ಲಿಗೆ ಎಡಗೈಯವರಿಗೂ ಬಲಗೈಯವರಿಗೂ ಹೊಂದುವ ಹಿಡಿ, ಸಿಲಿಂಡರಿನಲ್ಲಿ ಮೊದಲೇ ತುಂಬಿಟ್ಟ ಗಾಳಿ, ಎಳೆಯುವ ಮಡಚುವ ಕಷ್ಟವಿಲ್ಲ. ಅವಳು ಐದು ಸಲ ಹೊಡೆದಳು. ಸದ್ದು ಸಾಸಿವೆ ಸಿಡಿದಷ್ಟೇ. ಕಾಗದ ತರಿಸಿ ನೋಡಿದರೆ ಐದೂ ತೂತುಗಳು ಒಂದು ಬಿಲ್ಲೆಯಗಲದಲ್ಲಿ, ನಡುವಿನ ಕಪ್ಪಿನೊಳಗೇ. ಇವರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ನನ್ನ ಶೀಟ್‌ನಲ್ಲಿ ಕಣ್ಣಿಗೆ ಕಾಲಮ್ಮೇ ಇರ್ಲಿಲ್ಲ," ಅಂದರು.

"ನನ್ನದರಲ್ಲೂ ಇರ್ಲಿಲ್ಲ ಬಿಡಿ," ಎಂದೆ.

ಅದನ್ನೇ ಕೊಂಡು ತಂದೆವು. ಮನೆಗೆ ಬಂದು ಕೈಕಾಲು ತೊಳೆದು ದೀಪ ಹಚ್ಚಿದೆ. ಗೆಣ್ಣು ಹಿಡಿದು ಎಣಿಸಲು ಕೂತರೂ ಮನಸ್ಸು ಆ ಚಮಚದಲ್ಲೇ ಇತ್ತು. ಎಷ್ಟು ಸಲ ಕಿತ್ತುಕೊಂಡಿರಬಹುದು? ಎದುರಿಗೆ ನಮ್ಮ ಹಿತ್ತಾಳೆಯ ಗಣಪತಿ. ಹದಿನೆಂಟು ವರ್ಷದಿಂದ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿರುವ ಗಣಪತಿ. ಎಡಮುರಿ, ಅಂದರೆ ಸೊಂಡಿಲು ಎಡಕ್ಕೆ ತಿರುಗಿದ್ದು, ಮನೆಯಲ್ಲಿಟ್ಟು ಪೂಜಿಸಲು ಶಾಂತ ಎಂದು ಅಮ್ಮ ಆರಿಸಿ ಕೊಟ್ಟದ್ದು. ಎಡಕ್ಕೆ ಯಾಕೆ ತಿರುಗಿದೆ ಎಂದು ಅವತ್ತು ಮೊದಲ ಸಲ ನೋಡಿದೆ. ಕಡುಬು ಇರುವುದು ಎಡಗೈಯಲ್ಲಿ. ಅಲ್ಲಿಂದಲೇ ತಿನ್ನುತ್ತಿದ್ದಾನೆ.

ನಾನು ದೇವರ ಮುಂದೆ ಒಬ್ಬಳೇ ನಕ್ಕೆ. ಏನಾಯ್ತೇ ಎಂದು ಇವರು ನಡುಮನೆಯಿಂದ ಕೇಳಿದರು. ಬಂದು ನೋಡಿ ಎಂದೆ. ಮಗಳೂ ಬಂದಳು. ತೋರಿಸಿದೆ.

"ಸೋ ಹೀ'ಸ್ ಎ ಲೆಫ್ಟೀ," ಎಂದಳು. ಆಮೇಲೆ ಅಪರೂಪಕ್ಕೆ ಕನ್ನಡದಲ್ಲಿ, "ಅವನಿಗೆ ಯಾರೂ ಬೈಯಲ್ವಾ?"

"ಬೈಯೋರು ಇಷ್ಟು ದಿನ ನೋಡಿರ್ಲಿಲ್ಲ," ಎಂದೆ.

ಮುಂದಿನ ವಾರ ಕ್ಲಬ್ಬಿಗೆ ಹೋಗಿ ಫಾರ್ಮ್ ತಿದ್ದಿ ಬಂದೆ. ರೈಫಲ್ಲಿನ ಪೆಟ್ಟಿಗೆಗೆ ಬೀಗ, ಅದರ ಕೀಲಿ ದೇವರ ಕೋಣೆಯ ಮೊಳೆಯಲ್ಲಿ, ನನ್ನ ಕಣ್ಣೆದುರು. ಬೇಸಿಗೆಯಿಡೀ ಅವಳು ಮನೆಯಲ್ಲಿ ಖಾಲಿ ರೈಫಲ್ ಹಿಡಿದು ಗೋಡೆಯ ಕಡೆ ನಿಲ್ಲುವುದು, ನಾನು ಚಪಾತಿ ಲಟ್ಟಿಸುತ್ತ ನಿಮಿಷ ಎಣಿಸುವುದು. ಮೊದಮೊದಲು ಎಡ ಭುಜ ನಡುಗುತ್ತಿತ್ತು. ಎಷ್ಟೋ ವರ್ಷ ಕೆಲಸ ಕೊಡದ ಭುಜ ಅಲ್ಲವೇ. ಆಗಸ್ಟ್ ಹೊತ್ತಿಗೆ ನಡುಕ ನಿಂತಿತು.

ಆಯುಧ ಪೂಜೆಗೆ ಎರಡು ಕಾರು, ಮಿಕ್ಸಿ, ಲ್ಯಾಪ್‌ಟಾಪ್‌ಗಳ ಸಾಲಿನಲ್ಲಿ ರೈಫಲ್ಲೂ ಕೂತಿತು. "ನಳಿಗೆ ಒಳಗೆ ಅಕ್ಷತೆ ಹಾಕ್ಬೇಡ ಕಣೇ," ಎಂದು ಇವರು ಮೂರು ಸಲ ಎಚ್ಚರಿಸಿದರು. ಹಿಡಿಗೆ ಮಾತ್ರ ಒಂದು ಬೊಟ್ಟು ಕುಂಕುಮ ಇಟ್ಟೆ.

ಆಯ್ಕೆಯ ದಿನ ಅದೇ ಬೊಟ್ಟು ನೋಡಿ ಕಲಿಸುವಾಕೆ, ಕೈಗೆ ಗಾಯವಾಗಿದೆಯೇ ಎಂದು ಮಗಳನ್ನು ಕೇಳಿದರಂತೆ. ನಾನು ಹೊರಗಿನ ಬೆಂಚಿನಲ್ಲಿ ಕೂತಿದ್ದೆ, ಕಣ್ಣು ಮುಚ್ಚಿ. ಸೆರಗಿನ ತುದಿಯಲ್ಲಿ ಬೆಳಿಗ್ಗೆ ನೈವೇದ್ಯ ಮಾಡಿದ ಕಲ್ಲುಸಕ್ಕರೆ. ಬಾಗಿಲು ತೆರೆದ ಸದ್ದಿಗೆ ಕಣ್ಣು ಬಿಟ್ಟರೆ ಮಗಳು ನಿಂತಿದ್ದಳು, ಬಲ ಭುಜಕ್ಕೆ ಚೀಲ, ಬಲಗೈಯಲ್ಲಿ ಉದ್ದನೆಯ ಪೆಟ್ಟಿಗೆ.

"ಫಿಫ್ತ್," ಎಂದಳು. "ಲಾಸ್ಟ್ ಸ್ಪಾಟ್, ಅಮ್ಮಾ. ಬಟ್ ಐ'ಮ್ ಇನ್."

ಸೆರಗಿನ ಗಂಟು ಬಿಚ್ಚಿದೆ. ಅವಳು ಖಾಲಿಯಿದ್ದ ಕೈ ಚಾಚಿದಳು. ಎಡಗೈ. ತಕ್ಷಣ ನೆನಪಾಗಿ, ಪೆಟ್ಟಿಗೆ ಕೆಳಗಿಡಲು ಬಗ್ಗಿದಳು.

"ಇರಲಿ ಬಿಡು," ಎಂದು ಆ ಕೈಯಲ್ಲೇ ಪ್ರಸಾದ ಇಟ್ಟೆ.