ಎರ್ಮಾಳಿನ ಅರ್ಥಧಾರಿ

ಕಾಪುವಿನ ವೃದ್ಧಾಶ್ರಮದ ಹಿಂದಿನ ಜಗಲಿಯಲ್ಲಿ ಬಸಳೆ ಬಿಡಿಸುತ್ತಿದ್ದಾಗ ಅಲ್ಲಿಯ ನಿವಾಸಿ ಸುಗಂಧಿ ದೇವದಾಸಣ್ಣನ ವಿಷಯ ಮೊದಲ ಸಲ ಕೇಳಿದಳು. ಅಡುಗೆಯ ಗ್ಲ್ಯಾಡಿಸ್ ಹೇಳಿದ್ದು.

"ಎರ್ಮಾಳಿನ ಅರ್ಥಧಾರಿಯೊಬ್ಬರು ಇರ್ಲಿಕ್ಕೆ ಬರ್ತಾರಂತೆ. ತಾಳಮದ್ದಳೆಯಲ್ಲಿ ಇವರು ಕೌರವನ ಅರ್ಥ ಹೇಳ್ಲಿಕ್ಕೆ ಕೂತರೆ ಇವರ ವಾದಕ್ಕೆ ಎದುರು ಕೂತ ಕೃಷ್ಣನಿಗೆ ಬೆವರು ಬರ್ತಿತ್ತಂತೆ! ಈಗ ಕಣ್ಣು ಕಾಣುವುದಿಲ್ಲ. ಸೊಸೆ ಮನೆಯಿಂದ ಹೊರಗೆ ಹಾಕಿದ್ದಂತೆ."

ಬಂದ ಮೇಲೆ ದೇವದಾಸಣ್ಣನೂ ಅದನ್ನೇ ಹೇಳಿದರು. ಮಗ ತೀರಿಹೋದದ್ದು, ಸೊಸೆ ಬಾಗಿಲು ತೋರಿಸಿದ್ದು. ಅವರ ಬಾಯಲ್ಲಿ ಕೇಳಿದವರೆಲ್ಲ ಕಣ್ಣೊರೆಸಿಕೊಂಡರು. ಆ ಸೊಸೆ ವಿಜೇತಾ ಮಣಿಪಾಲದಲ್ಲಿ ನರ್ಸು. ಭಾನುವಾರ ಬಂಗುಡೆ ಮೀನಿನ ಬುತ್ತಿ ಹಿಡಿದು ಬಂದರೆ ಸುಗಂಧಿ ಮುಖ ತಿರುಗಿಸುತ್ತಿದ್ದಳು. ಒಮ್ಮೆ ಅಂದೇಬಿಟ್ಟಳು: "ಹೊರಗೆ ಹಾಕಿದ ಮೇಲೆ ಮೀನು ತಂದು ಎಂತ ಪ್ರಯೋಜನ?"

ವಿಜೇತಾ ಬುತ್ತಿ ಇಟ್ಟು ಹೊರಟುಹೋದಳು. ಆಮೇಲಿನ ಭಾನುವಾರಗಳಲ್ಲಿ ಬರಲಿಲ್ಲ. ಗೇಟು ಕಿರ್ರೆಂದಾಗಲೆಲ್ಲ ದೇವದಾಸಣ್ಣ ಕತ್ತೆತ್ತಿ ಕಿವಿಗೊಡುವರು. ಅನ್ನ ತಟ್ಟೆಯಲ್ಲೇ ಉಳಿಯತೊಡಗಿತು.

ಅವರ ಬೇಸರ ಕಳೆಯಲೆಂದು ಸುಗಂಧಿ ಕಪಾಟಿನ ಒಂದು ಕಾದಂಬರಿ ಓದತೊಡಗಿದಳು. ಕಲಿತದ್ದು ಮೂರನೇ ಕ್ಲಾಸು. ಬೆರಳಿಟ್ಟು, ಅಕ್ಷರ ಕೂಡಿಸಿ ಓದಬೇಕು. ಅನಾಥಾಲಯದ ವಾರ್ಡನ್ ಒಬ್ಬ ತನ್ನ ಕತೆ ತಾನೇ ಹೇಳುವ ಪುಸ್ತಕ ಅದು. ಮಕ್ಕಳಿಗೆ ತಾನೆಂದರೆ ಪ್ರಾಣ, ಯಾರ ಮೇಲೂ ಕೈ ಎತ್ತಿದವನಲ್ಲ ಎನ್ನುತ್ತಾನೆ. ಕಮಲಿ ಎಂಬ ಹುಡುಗಿ ಮಹಡಿಯ ಮೆಟ್ಟಿಲು ಜಾರಿ ಕೈ ಮುರಿದುಕೊಂಡಳಂತೆ.

"ಪಾಪದ ಮನುಷ್ಯ," ಎಂದಳು ಸುಗಂಧಿ.

"ಹೌದಾ? ಕಮಲಿ ಎಂತ ಹೇಳ್ತಾಳೆ?"

ಸುಗಂಧಿ ಹಾಳೆ ತಿರುವಿದಳು. "ಅವಳಿಗೆ ಮಾತೇ ಇಲ್ಲ ಇದರಲ್ಲಿ."

"ಮತ್ತೆ? ಕೌರವನ ಅರ್ಥ ಹೇಳುವಾಗ ತಪ್ಪು ನನ್ನದು ಅಂತ ನಾನು ಒಪ್ಪಿದ್ದುಂಟಾ? ಎದುರು ಕೃಷ್ಣ ಇದ್ದದ್ದಕ್ಕೆ ಜನ ಬಚಾವ್. ಈ ವಾರ್ಡನನ ಎದುರು ಯಾರೂ ಕೂತಿಲ್ಲ. ನೀವು ಕೂರಿ ಮಾರಾಯ್ರೆ."

"ಅಚ್ಚು ಹಾಕಿದ್ದು ಸುಳ್ಳಾಗ್ತದಾ?" ಎಂದು ಗೊಣಗುತ್ತಲೇ ಅವಳು ಪುನಃ ಮೊದಲಿಂದ ಓದಿದಳು. ಆರಂಭದಲ್ಲಿ ವಾರ್ಡನ್ ತನ್ನ ಕಟ್ಟಡವನ್ನು ಹೊಗಳಿಕೊಂಡಿದ್ದ: ಹೆಂಚಿನ ಮಾಡು, ಒಂದೇ ಅಂತಸ್ತು, ಮಕ್ಕಳು ಎಡವದಂಥ ಸಪಾಟು ನೆಲ.

"ದೇವದಾಸಣ್ಣ! ಇವನಿಗೆ ಮಹಡಿಯೇ ಇಲ್ಲ! ಮೆಟ್ಟಿಲು ಎಲ್ಲಿಂದ ಬಂತು?"

ಅವರು ತೊಡೆ ತಟ್ಟಿ ನಕ್ಕರು. ಸುಗಂಧಿಗೆ ನಗು ಬರಲಿಲ್ಲ. ವಿಜೇತಾಳ ಬುತ್ತಿ ನೆನಪಾಗಿತ್ತು. ಅದರ ಬಂಗುಡೆಯಲ್ಲಿ ಒಂದು ಮುಳ್ಳೂ ಇರುತ್ತಿರಲಿಲ್ಲ. ಕಣ್ಣು ಕಾಣದ ಮಾವನಿಗೆಂದು ಕೂತು ಬಿಡಿಸಿ ತರುತ್ತಿದ್ದಳು. ಹೊರಗೆ ಹಾಕಿದವಳು ಮುಳ್ಳು ತೆಗೆಯುತ್ತಾಳೆಯೇ?

"ನಿಮ್ಮ ಕತೆಯಲ್ಲಿ ವಿಜೇತಾಳಿಗೂ ಮಾತಿಲ್ಲ ಅಲ್ವಾ?" ಎಂದಳು.

ನಗು ನಿಂತಿತು. ಅವರು ಹೇಳಿದರು: "ಸೊಸೆಯ ಕೈಯಲ್ಲಿ ಮೈ ತೊಳೆಸಿಕೊಳ್ಳುವುದು ಹೇಗೆ? ಅವಳು ಬೇಡ ಬೇಡ ಅಂತ ಅತ್ತರೂ ನಾನೇ ಹಟ ಹಿಡಿದು ಬಂದದ್ದು. ಇದನ್ನು ಜನರಿಗೆ ಹೇಳ್ಲಿಕ್ಕೆ ನಾಚಿಕೆ. ಹೊರಗೆ ಹಾಕಿದಳು ಅಂದರೆ ಮುಂದೆ ಯಾರೂ ಕೇಳುವುದಿಲ್ಲ."

ಸುಗಂಧಿ ಆಫೀಸಿಗೆ ಹೋಗಿ ವಿಜೇತಾಳಿಗೆ ಫೋನು ಮಾಡಿದಳು. "ನನ್ನ ನಾಲಗೆ ತಪ್ಪಿತು ಮಗಾ, ಬಾ," ಎಂದಳು. ಭಾನುವಾರ ಬುತ್ತಿ ಬಂತು. ದೇವದಾಸಣ್ಣ ತಟ್ಟೆ ಖಾಲಿ ಮಾಡಿದರು.

ಮಳೆಗಾಲದ ಆಟಿ ತಿಂಗಳಲ್ಲಿ ಅವರಿಗೆ ಉಸಿರಾಟ ಕಷ್ಟವಾಗಿ ಮಣಿಪಾಲಕ್ಕೆ ಒಯ್ಯಬೇಕಾಯಿತು. ಆಂಬುಲೆನ್ಸಿನ ಒಳಗೆ ವಿಜೇತಾ ಕೂತಿದ್ದಳು. ಬಾಗಿಲ ಹೊರಗೆ ಆಶ್ರಮದವರು ನಿಂತು, ಮಾವನನ್ನು ಹೊರಗೆ ಹಾಕಿದವಳು ಇವಳೇ ಎಂದು ಪಿಸುಗುಟ್ಟುತ್ತಿದ್ದರು. ದೇವದಾಸಣ್ಣ ಕೈಚಾಚಿ ಸುಗಂಧಿಯ ಸೆರಗು ಹಿಡಿದರು.

"ಇವರಿಗೆಲ್ಲ ನಾನು ಕೌರವನ ಅರ್ಥ ಹೇಳಿ ಆಯ್ತು, ಸುಗಂಧಕ್ಕ. ಇನ್ನು ಇವಳದ್ದು ನೀವು ಹೇಳಿ."