ಏಳು ವಾರದ ಸುಳ್ಳೆಣಿಕೆ

ನನಗೆ ಹಕ್ಕಿ ಎಣಿಸಲು ಕಲಿಸಿದವರು ಕಾರ್ಖಾನೆಯಲ್ಲಿ ನನ್ನ ಮೇಲಿನವರಾಗಿದ್ದ, ಧಾರವಾಡ ಕಡೆಯ ಹಿರಿಯರು. ನಿವೃತ್ತರಾದ ಮೇಲೂ ಅವರು ಊರಿಗೆ ಹೋಗದೆ ಆಂಡರ್ಸನ್‌ಪೇಟೆಯಲ್ಲಿ ಬಾಡಿಗೆ ಮನೆ ಹಿಡಿದರು. ಚಳಿಗಾಲದ ಭಾನುವಾರಗಳಲ್ಲಿ ನನ್ನ ಸ್ಕೂಟರಿನಲ್ಲಿ ಬಂಗಾರಪೇಟೆ ಹತ್ತಿರದ ಕೆರೆಯೊಂದಕ್ಕೆ ಹೋಗುತ್ತಿದ್ದೆವು. ಅವರು ದುರ್ಬೀನು ಹಿಡಿದು ಹಕ್ಕಿಯ ಹೆಸರು, ಸಂಖ್ಯೆ ಹೇಳುವರು. ನಾನು ಮೊಬೈಲಿನಲ್ಲಿ ಬರೆದುಕೊಂಡು, ದೇಶದ ಎಣಿಕೆಯನ್ನೆಲ್ಲ ಒಟ್ಟುಗೂಡಿಸುವವರಿಗೆ ಕಳಿಸುತ್ತಿದ್ದೆ.

ಹೋದ ಡಿಸೆಂಬರಿನಲ್ಲಿ ಒಂದು ದಿನ ಅವರು ಬೆಳ್ಳಕ್ಕಿ ಎಂದು ತೋರಿಸಿದ್ದು ಜಾಲಿ ಗಿಡಕ್ಕೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲವನ್ನು. ಅವರ ಹೆಂಡತಿ ತೀರಿಕೊಂಡು ವರ್ಷವೂ ಆಗಿರಲಿಲ್ಲ. ಭಾನುವಾರ ಬಿಟ್ಟರೆ ಅವರು ಮನೆಯಿಂದ ಹೊರಗೆ ಕಾಲಿಡುತ್ತಿರಲಿಲ್ಲ. ಇದೊಂದನ್ನೂ ಕಿತ್ತುಕೊಳ್ಳುವುದು ಬೇಡವೆನಿಸಿ, ಬೆಳ್ಳಕ್ಕಿ ಒಂದು ಎಂದು ಬರೆದುಕೊಂಡೆ. ಮುಂದಿನ ವಾರಗಳಲ್ಲೂ ಅವರು ಹೇಳಿದ್ದನ್ನೆಲ್ಲ ಹಾಗೆಯೇ ಬರೆದೆ.

ಜನವರಿ ಕೊನೆಯಲ್ಲಿ ಅವರು ನೀರಿನ ಆಚೆ ಬದಿ ನೋಡಿ ನಲವತ್ತು ಬಾತು ಎಂದರು. ನಮ್ಮ ಹತ್ತಿರವೇ ಬಟ್ಟೆ ಒಗೆಯುತ್ತಿದ್ದ, ಪಕ್ಕದ ಹಳ್ಳಿಯ ಹೆಂಗಸು ತಲೆಯೆತ್ತಿದಳು.

"ಅವು ಬಾತಲ್ಲ ಸಾ, ಸೊಪ್ಪು ತೇಲ್ತಾ ಐತೆ. ಬಾತು ಈ ವರ್ಸ ಬಂದೇ ಇಲ್ಲ."

ಅವರು ದುರ್ಬೀನನ್ನು ಅಂಗಿಯ ತುದಿಯಿಂದ ಒರೆಸಿ ಮತ್ತೆ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನಿನಗ ಗೊತ್ತಿತ್ತಲ್ಲ?"

ಹೂಂ ಎಂದೆ.

"ಎಷ್ಟು ವಾರ ಆತು?"

ಏಳು ಎಂದೆ. ಅವರು ಬೈಯಲಿಲ್ಲ. ವಾಪಸು ಬರುವಾಗ, ಅಷ್ಟನ್ನೂ ತೆಗೆಸಿಹಾಕು ಎಂದಷ್ಟೇ ಹೇಳಿದರು. ಅಂದು ಮಧ್ಯಾಹ್ನವೇ ಎಣಿಕೆ ಒಟ್ಟುಗೂಡಿಸುವವರಿಗೆ ತಪ್ಪೊಪ್ಪಿಕೊಂಡು ಬರೆದೆ. ಆ ವಾರಗಳ ಪಟ್ಟಿಗಳನ್ನು ತೆಗೆದರು.

ಮುಂದಿನ ಭಾನುವಾರ ಅವರ ಮನೆಗೆ ಹೋದರೆ, ಬಾಗಿಲಲ್ಲೇ ನಿಂತು ಮಾತಾಡಿದರು. ಒಬ್ಬರೇ ಬಸ್ಸು ಹತ್ತಿ ಕಣ್ಣಿನ ಆಸ್ಪತ್ರೆಗೆ ಹೋಗಿ ಬಂದಿದ್ದರು. ಎರಡು ತಿಂಗಳು ಮೊದಲೇ ತೋರಿಸಿದ್ದರೆ ಒಂದು ಕಣ್ಣನ್ನಾದರೂ ಉಳಿಸಬಹುದಿತ್ತಂತೆ. ದೂರುವ ದನಿಯಿರಲಿಲ್ಲ, ಡಾಕ್ಟರು ಹೇಳಿದ್ದನ್ನು ಒಪ್ಪಿಸಿದರು, ಅಷ್ಟೆ. ಇನ್ನು ಮೇಲೆ ನಾನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ ಎಂದೆ. ಬೇಡವೆಂದು, ಹೊತ್ತಾಯಿತು ನೀನು ಹೊರಡು ಎಂದರು.

ನೋಯಿಸಬಾರದೆಂದು ಸುಮ್ಮನಿದ್ದೆ ಎಂಬ ಮಾತು ಬಾಯಿಗೆ ಬಂದರೂ ಆಡಲಾಗಲಿಲ್ಲ. ಒಬ್ಬನೇ ಕೆರೆಗೆ ಹೋದೆ. ಬಾತು ಬಂದಿರಲಿಲ್ಲ.